ಒದ್ದೆ ಬೂಟಿನೊಳಗೆ ಹಳೇ ಪೇಪರು

ಮೊನ್ನೆ ನನ್ನ ಫುಟ್‌ಬಾಲ್ ಬೂಟು ಬಾಯಿ ಬಿಟ್ಟಿತು. ಬಲಗಾಲಿನದು. ಹೆಬ್ಬೆರಳಿನ ಹತ್ತಿರ ಅಟ್ಟೆ ಕಿತ್ತುಕೊಂಡು ಥೇಟ್ ಮೊಸಳೆ ಬಾಯಿ. ಮೇಲಿನ ಚರ್ಮವಂತೂ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತ್ತು.

ತಪ್ಪು ನನ್ನದೇ. ಭಾನುವಾರ ಬೆಳಿಗ್ಗೆ ನಾವೊಂದಷ್ಟು ಸಾಫ್ಟ್‌ವೇರ್ ಮಂದಿ ಸೇರಿ ಆಡುವ ಮೈದಾನ ಹಿಂದಿನ ರಾತ್ರಿಯ ಮಳೆಗೆ ಗದ್ದೆಯಾಗಿತ್ತು. ಆಡಿ ಬಂದವನು ಬೂಟುಗಳನ್ನು ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿಟ್ಟೆ. ಸಂಜೆ ಎತ್ತಿ, ಕೊಡವಿ, ಟೆರೇಸಿನ ನೀರಿನ ಟ್ಯಾಂಕ್ ಮೇಲೆ ಇಟ್ಟೆ. ಎರಡು ದಿನ ಒಳ್ಳೇ ಬಿಸಿಲು ಬಿತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡೆ. ಬುಧವಾರ ಹೋಗಿ ನೋಡಿದರೆ ಈ ಅವಸ್ಥೆ :-(

ನಮ್ಮ ರಸ್ತೆಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರು ಕೂರುತ್ತಾರೆ. ಅವರ ಕೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದರು, ಬೆರಳಿನಿಂದ ತಟ್ಟಿದರು.

"ಬಿಸಿಲಲ್ಲಿ ಇಟ್ಬಿಟ್ರಾ ಸಾರ್?"

"ಹೌದು, ಒದ್ದೆಯಾಗಿತ್ತು..."

"ಚರ್ಮ ಸಾರ್ ಇದು. ಹಪ್ಪಳ ಅಲ್ಲ."

ಒಳಗೆ ಪೇಪರು ತುರುಕಿ ನೆರಳಲ್ಲಿಡಬೇಕು, ಒಣಗಿದ ಮೇಲೆ ಎಣ್ಣೆ ಕೊಡಬೇಕು ಅಂತ ಹೇಳುತ್ತಾ, ಸ್ಟಡ್ಡುಗಳ ಸಂದಿಯಲ್ಲಿ ಇನ್ನೂ ಗಟ್ಟಿಯಾಗಿ ಕೂತಿದ್ದ ಕೆಮ್ಮಣ್ಣನ್ನು ಒಂದು ಮೊಂಡು ಉಳಿಯಿಂದ ಕೆರೆಯತೊಡಗಿದರು. ನಾನು ಪಕ್ಕದಲ್ಲಿ ನಿಂತು ಮೊಬೈಲು ನೋಡುತ್ತಿದ್ದೆ. ಈ ಕೊನೆಯ ವಾಕ್ಯ ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ.

ಮನೆಗೆ ಬಂದು, ಚರ್ಮದ ಬೂಟನ್ನು ಹೇಗೆ ನೋಡಿಕೊಳ್ಳಬೇಕು ಅಂತ ಓದಲು ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದು ಮೂರು ರಾತ್ರಿ ತಿಂದಿತು. ಬೂಟು ಒರೆಸುವುದಕ್ಕೂ ಒಂದು ಚರಿತ್ರೆ ಇದೆ ಸ್ವಾಮೀ, ಅದೂ ಸಣ್ಣದಲ್ಲ.

ಮೊದಲು ಚರ್ಮದ ವಿಷಯ. ಅದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಹದ ಮಾಡುವಾಗ ಆ ಎಳೆಗಳ ನಡುವೆ ಎಣ್ಣೆ, ಕೊಬ್ಬು ಸೇರಿಸುತ್ತಾರೆ. ಅದಿದ್ದರೆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಚರ್ಮ ಬಾಗುತ್ತದೆ. ಸೋಪಿನ ಪುಡಿ ಆ ಕೊಬ್ಬನ್ನು ತೊಳೆದು ಹಾಕುತ್ತದೆ. ನೀರು ಕುಡಿದ ಚರ್ಮವನ್ನು ಬಿಸಿಯಲ್ಲಿ ಬೇಗ ಒಣಗಿಸಿದರೆ ಎಳೆಗಳು ಮುದುಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಬಗ್ಗಿಸಿದರೆ ಬಿರುಕೇ ಗತಿ. ಅಟ್ಟೆಯ ಗೋಂದು ಬಿಸಿಲಿಗೆ ಸಡಿಲವಾಗುವುದು ಬೇರೆ. ಅಂದರೆ ನಾನು ಒಂದೇ ವಾರದಲ್ಲಿ ಮಾಡಬಹುದಾದ ಎಲ್ಲಾ ತಪ್ಪುಗಳನ್ನೂ ಶಿಸ್ತಾಗಿ, ಕ್ರಮವಾಗಿ ಮಾಡಿ ಮುಗಿಸಿದ್ದೆ.

ಇಂಗ್ಲೆಂಡಿನವರು ಇದಕ್ಕೆ ಕಂಡುಕೊಂಡಿದ್ದ ಮದ್ದಿನ ಹೆಸರು ಡಬ್ಬಿನ್. ದನದ ಕೊಬ್ಬು ಮತ್ತು ಮೀನೆಣ್ಣೆ ಸೇರಿಸಿ ಮಾಡಿದ ಮುಲಾಮು, ಆಮೇಲಾಮೇಲೆ ಮೇಣವೂ ಸೇರಿತು. ಕುದುರೆ ಜೀನಿಗೆ, ರೈತನ ಬೂಟಿಗೆ, ಸೈನಿಕನ ಬೂಟಿಗೆ ಬಳಿಯುತ್ತಿದ್ದ ಅದೇ ಡಬ್ಬಿ ಫುಟ್‌ಬಾಲ್ ಮೈದಾನಕ್ಕೂ ಬಂತು. ಕೆಸರು ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಪೇಪರು ತುರುಕಿ, ಬೆಂಕಿಯಿಂದ ದೂರ ಇಟ್ಟು ಒಣಗಿಸಿ, ಕೊನೆಗೆ ಡಬ್ಬಿನ್ ಹಚ್ಚಿ ಕೈಯಿಂದಲೇ ತಿಕ್ಕುವುದು. ನಮ್ಮ ತಿರುವಿನ ಹಿರಿಯರು ಹೇಳಿದ್ದಕ್ಕೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ನಮ್ಮಜ್ಜನೂ ಹೊಸ ಜೋಡು ತಂದರೆ ಹರಳೆಣ್ಣೆ ಸವರಿ ಒಂದು ರಾತ್ರಿ ಇಟ್ಟೇ ಮೆಟ್ಟುತ್ತಿದ್ದುದು ಆಗ ನೆನಪಾಯಿತು.

ಫುಟ್‌ಬಾಲಿಗೆಂದೇ ಮಾಡಿಸಿದ ಬೂಟಿನ ಹಳೆಯ ದಾಖಲೆ ಯಾರದು ಗೊತ್ತಾ? ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯದು. 1526ರಲ್ಲಿ ಅರಮನೆಯ ಉಡುಗೆ ತೊಡುಗೆಯ ಲೆಕ್ಕದಲ್ಲಿ ಕಾರ್ನೀಲಿಯಸ್ ಜಾನ್ಸನ್ ಎಂಬ ಚಮ್ಮಾರ ಮಾಡಿಕೊಟ್ಟ ಒಂದು ಜೊತೆ ಚರ್ಮದ ಫುಟ್‌ಬಾಲ್ ಬೂಟಿಗೆ 4 ಶಿಲಿಂಗ್ ಖರ್ಚು ಬರೆದಿದ್ದಾರೆ. ದೊರೆಯ ಬೂಟನ್ನು ಯಾರು ಒರೆಸಿದರು ಅಂತ ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ಇಂಥವು ಇರುವುದೂ ಇಲ್ಲ ಬಿಡಿ.

ಅಲ್ಲಿಂದ ಮುನ್ನೂರು ಚಿಲ್ಲರೆ ವರ್ಷ ಹಾರೋಣ. 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟಾವರ್ನ್ ಎಂಬ ಹೋಟೆಲಿನಲ್ಲಿ ಕೂತು ಫುಟ್‌ಬಾಲ್ ಅಸೋಸಿಯೇಷನ್‌ನವರು ನಿಯಮ ಬರೆದರಲ್ಲ, ಅದರಲ್ಲಿ ಬೂಟಿನದೂ ಒಂದಿತ್ತು: ಅಟ್ಟೆಯಲ್ಲಾಗಲೀ ಹಿಮ್ಮಡಿಯಲ್ಲಾಗಲೀ ಹೊರಚಾಚಿದ ಮೊಳೆ, ಕಬ್ಬಿಣದ ತಗಡು, ಗಟ್ಟಾಪರ್ಚಾ ಇರಕೂಡದು. ಇಂಥ ನಿಯಮ ಬೇಕಾಯಿತು ಅಂದರೆ ಜನ ಅಂಥದ್ದನ್ನು ಹಾಕಿಕೊಂಡು ಬರುತ್ತಿದ್ದರು ಅಂತಲೇ ಅರ್ಥ! ಕಾರ್ಖಾನೆಯ ಕೆಲಸಗಾರರು ಕೆಲಸದ ಬೂಟಿನಲ್ಲೇ ಆಡುತ್ತಿದ್ದ ಕಾಲ ಅದು. ಕಣಕಾಲು ಮುಚ್ಚುವ, ಮುಂದೆ ಗಟ್ಟಿ ಟೋಪಿ ಇರುವ ದಪ್ಪ ಚರ್ಮದ ಬೂಟು. ಅರ್ಧ ಕಿಲೋ ತೂಗುತ್ತಿದ್ದುದು ಮಳೆಯಲ್ಲಿ ನೆನೆದರೆ ಹೆಚ್ಚುಕಮ್ಮಿ ದುಪ್ಪಟ್ಟು. ಹಾಗಾಗಿ ಡಬ್ಬಿನ್ ಹಚ್ಚುವುದು ಬರೀ ಬೂಟು ಬಾಳಿಕೆ ಬರಲಿ ಅಂತಲ್ಲ, ಆಟಗಾರ ಓಡಲಿ ಅಂತ.

1891ರಲ್ಲಿ ಅರ್ಧ ಇಂಚಿಗೆ ಮೀರದ ಚರ್ಮದ ಸ್ಟಡ್ಡುಗಳಿಗೆ ಒಪ್ಪಿಗೆ ಸಿಕ್ಕಿತು. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಅಟ್ಟೆಗೆ ಮೊಳೆ ಹೊಡೆಯುವುದು. ಆಡುತ್ತಾ ಆಡುತ್ತಾ ಬಿಲ್ಲೆ ಸವೆಯುತ್ತದೆ, ಮೊಳೆಯ ತಲೆ ಹೊರಗೆ ಇಣುಕುತ್ತದೆ, ಎದುರಾಳಿಯ ಮೊಣಕಾಲು ಕೊಯ್ಯುತ್ತದೆ. ಇನ್ನೊಂದು ತುದಿ ಒಳಗೆ ಬಂದು ತನ್ನದೇ ಪಾದಕ್ಕೆ ಚುಚ್ಚುತ್ತದೆ. ಹೀಗಾಗಿ ಪಂದ್ಯಕ್ಕೆ ಮುಂಚೆ ಬೂಟನ್ನು ತಿರುಗಿಸಿ, ಒಂದೊಂದೇ ಸ್ಟಡ್ ಮುಟ್ಟಿ ನೋಡಿ, ಹಳೆಯದನ್ನು ಕಿತ್ತು ಹೊಸದು ಹೊಡೆಯುವುದು ದೊಡ್ಡ ಕೆಲಸವೇ ಆಯಿತು. ಕ್ಲಬ್ಬುಗಳಲ್ಲಿ ಸುತ್ತಿಗೆ, ಮೊಳೆ, ಚಮ್ಮಾರರ ಕಬ್ಬಿಣದ ಅಡಿ ಎಲ್ಲಾ ಇಟ್ಟುಕೊಂಡ ಒಂದು ಕೋಣೆ ಬೇಕಾಯಿತು. 1885ರಲ್ಲಿ ದುಡ್ಡಿಗಾಗಿ ಆಡುವುದು ಕಾನೂನುಬದ್ಧವಾಗಿತ್ತು ನೋಡಿ, ಬೂಟು ಈಗ ದುಡಿಮೆಯ ಹತ್ಯಾರು. ಹತ್ಯಾರು ಇದ್ದ ಮೇಲೆ ಅದನ್ನು ಮಸೆಯುವವನೂ ಬೇಕು.

ಆ ಕೆಲಸ ಹುಡುಗರ ಪಾಲಿಗೆ ಬಂತು.

ಗ್ರೌಂಡ್ ಸ್ಟಾಫ್ ಅಂತ ಕರೆಯುತ್ತಿದ್ದರು ಅವರನ್ನು. ಹದಿನೈದರ ಹೊತ್ತಿಗೆ ಶಾಲೆ ಬಿಟ್ಟ ಹುಡುಗರು. ಹದಿನೇಳಾಗುವ ತನಕ ವೃತ್ತಿಪರ ಒಪ್ಪಂದ ಮಾಡಿಕೊಳ್ಳುವಂತಿಲ್ಲವಾದ್ದರಿಂದ ಕ್ಲಬ್ಬಿನಲ್ಲಿ ಕೆಲಸಕ್ಕೆ ಇರಿಸಿಕೊಳ್ಳುವುದು. ಪ್ರೇಕ್ಷಕರ ಮೆಟ್ಟಿಲು ಗುಡಿಸುವುದು, ಚೆಂಡಿಗೆ ಗಾಳಿ ತುಂಬುವುದು, ಕಕ್ಕಸು ತೊಳೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಹಿರಿಯರ ಬೂಟು. 1960ರಲ್ಲಿ ಇದಕ್ಕೆ ಅಪ್ರೆಂಟಿಸ್ ಎಂಬ ಅಧಿಕೃತ ಹೆಸರು ಬಂತು, 1983ರಲ್ಲಿ ಸರ್ಕಾರದ ಯುವ ತರಬೇತಿ ಯೋಜನೆ ಬಂದಾಗ ವಾರಕ್ಕೆ 25 ಪೌಂಡ್ ಭತ್ಯೆಯೂ ಬಂತು. ಹೆಸರು ಬದಲಾಯಿತು, ಬ್ರಷ್ಷು ಬದಲಾಗಲಿಲ್ಲ. ಒಬ್ಬೊಬ್ಬ ಹುಡುಗನಿಗೆ ಇಂತಿಂಥ ಹಿರಿಯ ಆಟಗಾರರು ಅಂತ ಹಂಚಿಕೆ. ಪಂದ್ಯದ ದಿನ ಅವರ ಬೂಟು ಕನ್ನಡಿಯಂತಿರಬೇಕು. ಸಂದಿಯಲ್ಲಿ ಮಣ್ಣು ಕಂಡರೆ ಬೂಟು ವಾಪಸ್ಸು ತಲೆಯ ಕಡೆಗೇ ಹಾರಿ ಬರುತ್ತಿತ್ತು. ಕ್ರಿಸ್‌ಮಸ್ಸಿಗೆ ಹಿರಿಯರು ಕೊಡುವ ಇನಾಮಿಗೆ ಹುಡುಗರು ವರ್ಷವಿಡೀ ಕಾಯುತ್ತಿದ್ದರು. ಜಿಪುಣನ ಬೂಟು ಪಾಲಿಗೆ ಬಂದವನದು ಕರ್ಮ.

ಹೊಸ ಬೂಟು ಪಳಗಿಸುವುದೂ ಹುಡುಗರದೇ ಕೆಲಸ. ಹಿರಿಯ ಆಟಗಾರನ ಅಳತೆಯ ಕಾಲಿರುವ ಹುಡುಗ ಆ ಬೂಟನ್ನು ನಾಲ್ಕು ದಿನ ಹಾಕಿಕೊಂಡು ಓಡಾಡಬೇಕು. ಅವನ ಕಾಲಲ್ಲಿ ಬೊಬ್ಬೆ ಬಂದ ಮೇಲೆ ಬೂಟು ಮೆತ್ತಗಾಯಿತು ಅಂತ ಲೆಕ್ಕ.

ಎಷ್ಟು ಕೆಸರು ಇರುತ್ತಿತ್ತು ಎನ್ನುವುದಕ್ಕೆ ಒಂದು ಪ್ರಸಂಗ. ಡರ್ಬಿ ಕೌಂಟಿಯವರ ಬೇಸ್‌ಬಾಲ್ ಗ್ರೌಂಡ್ ಎಂಬ ಮೈದಾನ (ಹೆಸರು ಹಾಗಿದ್ದರೂ ಆಡುತ್ತಿದ್ದುದು ಫುಟ್‌ಬಾಲೇ) ಕೆಸರಿಗೆ ಹೆಸರುವಾಸಿ. 1977ರ ಏಪ್ರಿಲ್ 30ರಂದು ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಡರ್ಬಿಗೆ ಪೆನಾಲ್ಟಿ ಸಿಕ್ಕಿತು. ಆದರೆ ಚೆಂಡು ಇಡಬೇಕಾದ ಬಿಳಿ ಚುಕ್ಕೆಯೇ ಕಾಣಿಸುತ್ತಿಲ್ಲ! ಕೆಸರಿನಲ್ಲಿ ಮಾಯ. ಕೊನೆಗೆ ಮೈದಾನದ ಉಸ್ತುವಾರಿ ಬಾಬ್ ಸ್ಮಿತ್ ಅಳತೆ ಪಟ್ಟಿ, ಬಣ್ಣದ ಬಕೆಟ್ಟು, ಬ್ರಷ್ಷು ಹಿಡಿದುಕೊಂಡು ಬಂದು, ಸಾವಿರಾರು ಜನರೆದುರು ಹನ್ನೆರಡು ಗಜ ಅಳೆದು ಹೊಸ ಚುಕ್ಕೆ ಬಳಿದ. ಗೆರಿ ಡಾಲಿ ಗೋಲು ಹೊಡೆದ. ಆ ಸಂಜೆ ಇಪ್ಪತ್ತೆರಡು ಜೊತೆ ಬೂಟುಗಳ ಮುಂದೆ ಕೂತ ಹುಡುಗರನ್ನು ನೆನೆಸಿಕೊಂಡರೆ ನನ್ನ ಬಕೆಟ್ಟು ಏನೂ ಅಲ್ಲ ಅನ್ನಿಸಿತು.

ಪಾಲ್ ಗ್ಯಾಸ್ಕೋಯಿನ್ ತಾನೇ ಹೇಳಿಕೊಂಡು ನಕ್ಕ ಕಥೆಯೊಂದಿದೆ. ನ್ಯೂಕ್ಯಾಸಲ್ಲಿನಲ್ಲಿ ಹುಡುಗನಾಗಿದ್ದಾಗ ಅವನ ಪಾಲಿಗೆ ಕೆವಿನ್ ಕೀಗನ್ ಬೂಟು. ಆಗ ಕೀಗನ್ ಎಂದರೆ ಆ ಊರಿಗೆ ದೇವರು. ಗೆಳೆಯರಿಗೆ ತೋರಿಸಿ ಮೆರೆಯೋಣ ಅಂತ ಬೂಟನ್ನು ಕದ್ದು ಒಯ್ದವನು ದಾರಿಯಲ್ಲಿ ಒಂದನ್ನು ಕಳೆದುಕೊಂಡುಬಿಟ್ಟ! ಒಂದೇ ಬೂಟು ಹಿಡಿದುಕೊಂಡು ಮಾರನೇ ದಿನ ಆ ಹುಡುಗ ಯಾವ ಮುಖ ಹೊತ್ತು ಹೋಗಿರಬೇಕು...

ಹುಡುಗರ ಕೆಲಸ ಇದು ಅಂದೆನಲ್ಲ, ಬೂಟು ನೋಡಿಕೊಳ್ಳುವ ಕೆಲಸ ತಂತ್ರಜ್ಞಾನವೂ ಆಗಿಬಿಟ್ಟ ಒಂದು ದಿನವಿದೆ. 1954ರ ಜುಲೈ 4, ಸ್ವಿಟ್ಜರ್ಲೆಂಡಿನ ಬರ್ನ್, ವಿಶ್ವಕಪ್ ಫೈನಲ್. ಹಂಗರಿಯವರು ಅದೇ ಪಂದ್ಯಾವಳಿಯಲ್ಲಿ ಎರಡು ವಾರದ ಹಿಂದಷ್ಟೇ ಪಶ್ಚಿಮ ಜರ್ಮನಿಯನ್ನು 8-3ರಿಂದ ಚಚ್ಚಿದ್ದರು. ಫೈನಲ್ಲಿನಲ್ಲೂ ಎಂಟೇ ನಿಮಿಷಕ್ಕೆ 2-0. ಆದರೆ ಆ ದಿನ ಮಳೆ. ಜರ್ಮನ್ ತಂಡದ ಬೂಟುಗಳ ಜವಾಬ್ದಾರಿ ಹೊತ್ತಿದ್ದವರು ಹೆರ್ತ್ಸೋಗೆನೌರಾಖ್ ಎಂಬ ಸಣ್ಣ ಊರಿನ ಆಡಿ ಡಾಸ್ಲರ್, ಅಡಿಡಾಸ್ ಕಟ್ಟಿದಾತ. ಅವರ ಬೂಟಿನ ಸ್ಟಡ್ಡುಗಳು ಮೊಳೆ ಹೊಡೆದವಲ್ಲ, ತಿರುಪಿನವು. ಕೋಚ್ ಹೆರ್ಬರ್ಗರ್ ಸನ್ನೆ ಕೊಟ್ಟ ಕೂಡಲೇ ಗಿಡ್ಡ ಸ್ಟಡ್ ಬಿಚ್ಚಿ ಉದ್ದನೆಯವನ್ನು ತಿರುಗಿಸಿ ಹಾಕಿದರು. ಜರ್ಮನಿ 3-2ರಿಂದ ಗೆದ್ದಿತು. ಹೆಲ್ಮುಟ್ ರಾನ್ 84ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದ.

ಗೆದ್ದಿದ್ದು ಸ್ಟಡ್ಡಿನಿಂದಲೇ ಅನ್ನುವುದು ಅಡಿಡಾಸ್‌ನವರಿಗೆ ಬಹಳ ಇಷ್ಟವಾದ ಕಥೆ. ತಿರುಪಿನ ಸ್ಟಡ್ ಮೊದಲು ಮಾಡಿದ್ದು ನಾವೇ ಅಂತ ಅದೇ ಊರಿನ ಪೂಮಾದವರ ತಕರಾರು. ಪೂಮಾ ಕಟ್ಟಿದ್ದು ಆಡಿಯ ಸ್ವಂತ ಅಣ್ಣ ರುಡಾಲ್ಫ್! 1948ರಲ್ಲಿ ಅಣ್ಣ ತಮ್ಮ ಬೇರೆಯಾದ ಮೇಲೆ ಇಡೀ ಊರೇ ಎರಡಾಯಿತು. ಎದುರಿಗೆ ಬಂದವರ ಕಾಲು ನೋಡಿದ ಮೇಲೇ ಮಾತಾಡಿಸುತ್ತಿದ್ದರಂತೆ, ಅದಕ್ಕೇ ಅದು "ಬಗ್ಗಿದ ಕುತ್ತಿಗೆಯವರ ಊರು". ನನಗಂತೂ ಗೋಲಿಗಿಂತ ಇಷ್ಟವಾಗಿದ್ದು ಬೇರೆ ಚಿತ್ರ: ಒಂದು ಕಂಪನಿಯ ಯಜಮಾನ, ವಿಶ್ವಕಪ್ ಫೈನಲ್ಲಿನ ದಿನ, ಬಗ್ಗಿ ಕೂತು ಆಟಗಾರರ ಬೂಟಿನ ತಿರುಪು ಬಿಗಿಯುತ್ತಿರುವುದು.

ತಿರುಪಿನ ಸ್ಟಡ್ ಬಂದ ಮೇಲೆ ಹುಡುಗರ ಕೈಯಲ್ಲಿ ಸುತ್ತಿಗೆ ಹೋಗಿ ಕೀಲಿ ಬಂತು. ತಿರುಪಿನ ಸಾಲಿಗೆ ಮಣ್ಣು ಹೊಕ್ಕು ತುಕ್ಕು ಹಿಡಿಯದಂತೆ ಬಿಚ್ಚಿ ಗ್ರೀಸ್ ಹಾಕಬೇಕು. ಅಲ್ಯುಮಿನಿಯಂ ಸ್ಟಡ್ ಸಿಮೆಂಟಿನ ಮೇಲೆ ನಡೆದರೆ ಅಂಚು ಬ್ಲೇಡಿನಂತಾಗುತ್ತದೆ, ಅದನ್ನು ಉಜ್ಜಬೇಕು. ಮೈದಾನಕ್ಕೆ ಇಳಿಯುವ ಮುಂಚೆ ರೆಫರಿ ಬೂಟಿನ ಅಡಿ ಸವರಿ ನೋಡುತ್ತಿದ್ದುದು ಇದಕ್ಕೇ.

ಮೇಲಿನ ಚರ್ಮವೂ ಅಷ್ಟರಲ್ಲಿ ಬದಲಾಗುತ್ತಿತ್ತು. 1950ರ ವಿಶ್ವಕಪ್ಪಿಗೆ ಬ್ರೆಜಿಲಿಗೆ ಹೋದ ಸ್ಟಾನ್ಲಿ ಮ್ಯಾಥ್ಯೂಸ್, ಅಲ್ಲಿಯವರ ಹಗುರ, ಕಣಕಾಲು ಮುಚ್ಚದ ಬೂಟು ನೋಡಿ ಬೆರಗಾಗಿ, ಊರಿಗೆ ಬಂದು ಸಹಕಾರ ಸಂಘದ ಬೂಟು ಕಾರ್ಖಾನೆಯಲ್ಲಿ ಅಂಥದ್ದೇ ಮಾಡಿಸಿಕೊಂಡ. ಚಪ್ಪಲಿಯಷ್ಟು ತೆಳು. ಹೆಚ್ಚು ಪಂದ್ಯ ಬಾಳುತ್ತಿರಲಿಲ್ಲ, ಅವನಿಗೆ ಅದರ ಚಿಂತೆಯೂ ಇರಲಿಲ್ಲ. 1982ರ ಸ್ಪೇನ್ ವಿಶ್ವಕಪ್ಪಿಗೆಂದು ಬಂದ ಕೋಪಾ ಮುಂಡಿಯಾಲ್ ಕಾಂಗರೂ ಚರ್ಮದ್ದು. ತೆಳುವಾಗಿಯೂ ಗಟ್ಟಿಯಾಗಿಯೂ ಇರುವ ಚರ್ಮ ಅದು, ಆದರೆ ಆರೈಕೆ ಮಾಡದಿದ್ದರೆ ಅದೂ ಮುನಿಸಿಕೊಳ್ಳುತ್ತದೆ.

ಇನ್ನು ಬೂಟು ಇಡುವ ಕೋಣೆ. ಲಿವರ್‌ಪೂಲ್ ಕ್ಲಬ್ಬಿನ ಆನ್‌ಫೀಲ್ಡ್ ಮೈದಾನದಲ್ಲಿ ಕಿಟಕಿಯೂ ಇಲ್ಲದ ಒಂದು ಪುಟ್ಟ ಕೋಣೆ ಇತ್ತು. ಗೂಟಗಳಿಗೆ ಬೂಟು ನೇತುಹಾಕುವ ಜಾಗ. 1959ರಲ್ಲಿ ಬಿಲ್ ಶ್ಯಾಂಕ್ಲಿ ಮ್ಯಾನೇಜರಾಗಿ ಬಂದ ಮೇಲೆ ಕೋಚುಗಳಾದ ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಅಲ್ಲಿ ಬಿಯರ್ ಕ್ರೇಟುಗಳ ಮೇಲೆ ಕೂತು ಹರಟತೊಡಗಿದರು. ಯಾರ ಮೊಣಕಾಲು ನೋಯುತ್ತಿದೆ, ಯಾವ ಹುಡುಗ ಮುಂದೆ ಬರುತ್ತಾನೆ, ಶನಿವಾರ ಹೇಗೆ ಆಡಬೇಕು... ಸುತ್ತ ಡಬ್ಬಿನ್ ಮತ್ತು ಬೆವರಿನ ವಾಸನೆ. ಎದುರಾಳಿ ತಂಡದ ಮ್ಯಾನೇಜರನ್ನೂ ಪಂದ್ಯ ಮುಗಿದ ಮೇಲೆ ಒಳಗೆ ಕರೆದು ಒಂದು ಗ್ಲಾಸು ಕೊಟ್ಟು ಬಾಯಿ ಬಿಡಿಸುತ್ತಿದ್ದರಂತೆ. ಶ್ಯಾಂಕ್ಲಿ ನಂತರ ಆ ಕೋಣೆಯಿಂದಲೇ ಎದ್ದುಬಂದ ಪೈಸ್ಲಿ 1977, 1978, 1981ರಲ್ಲಿ ಮೂರು ಯುರೋಪಿಯನ್ ಕಪ್ ಗೆದ್ದ, ಅವನ ನಂತರ ಫೇಗನ್ 1984ರಲ್ಲಿ ಇನ್ನೊಂದು. ಅಷ್ಟು ದೊಡ್ಡ ಕ್ಲಬ್ಬಿನ ತಲೆ ಇದ್ದದ್ದು ಬೂಟು ಇಡುವ ಕೋಣೆಯಲ್ಲಿ! 1993ರಲ್ಲಿ ಪತ್ರಕರ್ತರ ಕೋಣೆಗೆ ಜಾಗ ಬೇಕು ಅಂತ ಅದನ್ನು ಕೆಡವಿದರು. (ಪತ್ರಕರ್ತ ಮಿತ್ರರು ಬೇಜಾರು ಮಾಡ್ಕೋಬೇಡಿ.)

ಇಷ್ಟು ಓದುವಾಗ ನನ್ನೊಳಗೆ ಒಂದು ಮುಳ್ಳು ಆಡುತ್ತಲೇ ಇತ್ತು. ಇನ್ನೊಬ್ಬರ ಬೂಟು ಒರೆಸುವುದನ್ನು ಅಲ್ಲಿಯ ದೊಡ್ಡ ದೊಡ್ಡ ಆಟಗಾರರು ನಗುನಗುತ್ತಾ, ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಹೇಳಿಕೊಳ್ಳಲು ಆಗುತ್ತದಾ?

ನಮ್ಮಜ್ಜನ ಜೋಡಿನ ವಿಷಯ ಹೇಳಿದೆನಲ್ಲ, ಅರ್ಧ ಮಾತ್ರ ಹೇಳಿದ್ದೆ. ಜೋಡು ಮಾಡಿಕೊಡುತ್ತಿದ್ದ ಮನುಷ್ಯ ನಮ್ಮ ಅಂಗಳದೊಳಗೆ ಬರುತ್ತಿರಲಿಲ್ಲ. ಬೇಲಿಯಾಚೆ ನಿಂತು ಅಜ್ಜನ ಪಾದದ ಅಳತೆಯನ್ನು ಕಣ್ಣಲ್ಲೇ ತೆಗೆದುಕೊಳ್ಳುತ್ತಿದ್ದ. ಜೋಡು ತಂದಾಗ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದ, ದುಡ್ಡನ್ನೂ ಅದೇ ಕಲ್ಲಿನ ಮೇಲೆ ಇಡುತ್ತಿದ್ದರು. ಚಿಕ್ಕವನಾದ ನನಗೆ ಅದೊಂದು ಆಟದ ಹಾಗೆ ಕಾಣುತ್ತಿತ್ತು. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದುಕೆ ಮಾಡಿದ ಹರಳಯ್ಯನ ಐತಿಹ್ಯವನ್ನು ಅದೇ ಅಜ್ಜ ನಮಗೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುತ್ತಿದ್ದರು. ಎರಡನ್ನೂ ಅವರು ಹೇಗೆ ಹೊಂದಿಸಿಕೊಂಡಿದ್ದರೋ, ಕೇಳುವ ವಯಸ್ಸು ನನಗೆ ಬರುವಷ್ಟರಲ್ಲಿ ಅವರಿರಲಿಲ್ಲ.

ಇಂಗ್ಲೆಂಡಿನ ಹುಡುಗ ಬೂಟು ಒರೆಸುವುದು ಎರಡು ವರ್ಷ. ಆಮೇಲೆ ಅವನ ಬೂಟನ್ನು ಇನ್ನೊಬ್ಬ ಒರೆಸುತ್ತಾನೆ. ಅದಕ್ಕೇ ಅವನಿಗೆ ಅದು ನಗುತ್ತಾ ಹೇಳುವ ಕಥೆ. ನಮ್ಮಲ್ಲಿ ಆ ಸರದಿ ಎಂಬುದೇ ಇರಲಿಲ್ಲ.

ಭಾರತದ ಫುಟ್‌ಬಾಲ್ ಬಹುಕಾಲ ಬೂಟಿನ ಗೊಡವೆಗೇ ಹೋಗಲಿಲ್ಲ ಅನ್ನುವುದೂ ಇಲ್ಲಿ ಬರಬೇಕು. 1911ರ ಜುಲೈ 29ರಂದು ಕಲ್ಕತ್ತಾದಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್ಎ ಷೀಲ್ಡ್ ಗೆದ್ದಾಗ ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಒಬ್ಬರೇ, ಸುಧೀರ್ ಚಟರ್ಜಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿ ತಪ್ಪಿಸಿಕೊಂಡೂ ಸೋತಿದ್ದು 2-1ರಿಂದ ಮಾತ್ರ, ಫ್ರಾನ್ಸಿನ ಎರಡನೇ ಗೋಲು ಬಂದಿದ್ದು ಪಂದ್ಯದ ಕೊನೆಯಲ್ಲಿ. ನಮ್ಮದು ಫುಟ್‌ಬಾಲ್, ನಿಮ್ಮದು ಬೂಟ್‌ಬಾಲ್ ಎಂಬರ್ಥದ ಮಾತೊಂದು ನಾಯಕ ಟಿ. ಆವೋ ಅವರ ಹೆಸರಿನಲ್ಲಿ ಇಂದಿಗೂ ಓಡಾಡುತ್ತದೆ. (ಬರಿಗಾಲು ಬೇಡ ಅಂದದ್ದಕ್ಕೇ ಭಾರತ 1950ರ ವಿಶ್ವಕಪ್ಪಿಗೆ ಹೋಗಲಿಲ್ಲ ಅಂತ ಈಗಲೂ ಫಾರ್ವರ್ಡ್ ಬರುತ್ತಿರುತ್ತದೆ. ನಂಬಬೇಡಿ. ವಿಶ್ವಕಪ್ಪಿನ ಮಹತ್ವವೇ ನಮ್ಮ ಫೆಡರೇಷನ್ನಿಗೆ ಆಗ ಹೊಳೆದಿರಲಿಲ್ಲ, ಒಲಿಂಪಿಕ್ಸೇ ಎಲ್ಲಾ ಅಂದುಕೊಂಡಿದ್ದರು.)

ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮುಂದೆ ಈಸ್ಟ್ ಬೆಂಗಾಲ್ ಕ್ಲಬ್ಬಿನ "ಪಂಚಪಾಂಡವ"ರಲ್ಲಿ ಒಬ್ಬರಾದವರು. ಬರಿಗಾಲಿನಲ್ಲಿ ಚೆಂಡನ್ನು ಆಡಿಸುತ್ತಿದ್ದ ರೀತಿಗೆ ಹಾವಾಡಿಗ ಅಂತಲೇ ಹೆಸರು. ಬರಿಗಾಲಿನವನಿಗೆ ಒಣಗಿಸುವ ತಾಪತ್ರಯವಿಲ್ಲ, ಡಬ್ಬಿನ್ ಖರ್ಚಿಲ್ಲ, ಕಾಲು ತೊಳೆದರೆ ಮುಗಿಯಿತು. ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಚಳಿಯ ನಾಡಿನ ಮೈದಾನದಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಮಣಿಸಿತು. ಆ ಒಂದೇ ಒಂದು ಗೋಲು ಅಹ್ಮದ್ ಖಾನರದ್ದು. ಅದಾದ ಮೇಲೆ ನಮ್ಮ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. 1956ರಲ್ಲಿ ಮೆಲ್ಬರ್ನಿನಲ್ಲಿ ಬೂಟು ಹಾಕಿದ ಭಾರತ ನಾಲ್ಕನೇ ಸ್ಥಾನಕ್ಕೆ ಏರಿತು. ಬೂಟಿನಿಂದಲೇ ಏರಿತು ಅಂತ ನಾನೂ ಕಥೆ ಕಟ್ಟುವುದಿಲ್ಲ, ಅಡಿಡಾಸ್‌ನವರ ಹಾಗೆ :-)

ಬೆಂಗಳೂರಿನ ಹಳೇ ಕಂಟೋನ್ಮೆಂಟಿನ ಗೌತಮಪುರದಲ್ಲಿ ಅಂಬೇಡ್ಕರ್ ಪ್ರತಿಮೆಯ ಜೊತೆಗೇ ಪೆಲೆಯ ಪ್ರತಿಮೆಯೂ ಇದೆ. ಕೆಲವು ವರ್ಷದ ಹಿಂದೆ ಅದನ್ನು ನೋಡಿ ತಮಾಷೆ ಅನ್ನಿಸಿತ್ತು. ಈ ವಾರ ಅದನ್ನು ನೆನೆದಾಗ ತಮಾಷೆ ಅನ್ನಿಸಲಿಲ್ಲ.

ಇರಲಿ, ಈ ಕೆಲಸ ಹೇಗೆ ಮುಗಿಯಿತು ಅಂತ ಹೇಳಿಬಿಡುತ್ತೇನೆ. 1990ರ ದಶಕದಿಂದ ಪ್ಲಾಸ್ಟಿಕ್ಕು ಬಂತು. ಪ್ರೆಡೇಟರ್ 1994ರಲ್ಲಿ ಚರ್ಮದ ಮೇಲೆ ರಬ್ಬರಿನ ಏಣು ತಂದಿತು. 1998ರಲ್ಲಿ ನೈಕಿಯ ಮರ್ಕ್ಯೂರಿಯಲ್ ಚರ್ಮವನ್ನೇ ಬಿಟ್ಟಿತು, 2014ರ ಹೊತ್ತಿಗೆ ಸ್ವೆಟರಿನಂತೆ ಹೆಣೆದ ಬೂಟುಗಳು ಬಂದವು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಎಣ್ಣೆ ಕೊಟ್ಟರೆ ಹಾಳು. 2023ರಲ್ಲಿ ಪೂಮಾ, ನೈಕಿ ಎರಡೂ ಕಾಂಗರೂ ಚರ್ಮ ನಿಲ್ಲಿಸುವುದಾಗಿ ಹೇಳಿದವು. ಕೆಸರೂ ಕಡಿಮೆಯಾಯಿತು, ಈಗಿನ ದೊಡ್ಡ ಮೈದಾನಗಳಲ್ಲಿ ಹುಲ್ಲಿನ ಬೇರಿನ ನಡುವೆ ಪ್ಲಾಸ್ಟಿಕ್ ಎಳೆ ಹೊಲಿದಿರುತ್ತಾರೆ. 1998ರಿಂದ ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಅಕಾಡೆಮಿಗಳು ಶುರುವಾದವು. ಹುಡುಗರು ಪಾಠ, ತರಬೇತಿಗೆ ಬರುವವರಾದರು, ಬೂಟು ಸಂಬಳದ ಕಿಟ್‌ಮ್ಯಾನುಗಳ ಕೈಗೆ ಹೋಯಿತು.

ಹಳೇ ಆಟಗಾರರಿಗೆ ಇದರ ಬಗ್ಗೆ ದೊಡ್ಡ ಕೊರಗು. ಬೂಟು ಒರೆಸಿದ್ದರಿಂದಲೇ ನಾವು ನೆಲದ ಮೇಲೆ ಇದ್ದೆವು, ಈಗಿನ ಹುಡುಗರಿಗೆ ಹದಿನೇಳಕ್ಕೇ ಕಾರು ಅಂತ. ನನಗೆ ಇದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅದೇ ಕೋಣೆಗಳಲ್ಲಿ ಹುಡುಗರನ್ನು ಹಿರಿಯರು ಗೋಳಾಡಿಸಿದ್ದೂ ಇದೆ, ಬಟ್ಟೆ ಬಿಚ್ಚಿಸಿ ಹಾಡಿಸಿದ್ದು, ಮೈಗೆಲ್ಲಾ ಬೂಟ್ ಪಾಲಿಶ್ ಬಳಿದದ್ದು. ಇಂಗ್ಲಿಷ್ ಫುಟ್‌ಬಾಲಿನಲ್ಲಿ 1970ರಿಂದ 2005ರವರೆಗೆ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ ಕ್ಲೈವ್ ಶೆಲ್ಡನ್ ವರದಿ 2021ರಲ್ಲಿ ಬಂತು. ಬೂಟಿಗೂ ಅದಕ್ಕೂ ನೇರ ಗಂಟು ಹಾಕುವುದು ತಪ್ಪು. ಆದರೆ ದೊಡ್ಡವರು ಏನು ಮಾಡಿದರೂ ಬಾಯಿ ಮುಚ್ಚಿಕೊಂಡಿರಬೇಕು ಅಂತ ಹುಡುಗರಿಗೆ ಕಲಿಸಿದ ವ್ಯವಸ್ಥೆಯನ್ನು ಬರೀ ಶಿಸ್ತು ಅಂತ ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಯೇ, ದಿನಾ ಹತ್ತು ಜೊತೆ ಬೂಟು ತಿರುಗಿಸಿ ನೋಡಿದ ಹುಡುಗನಿಗೆ ಯಾವ ಆಟಗಾರ ಯಾವ ಅಂಚಿನ ಮೇಲೆ ಭಾರ ಹಾಕುತ್ತಾನೆ, ಯಾರ ಹಿಮ್ಮಡಿ ಮೊದಲು ಸವೆಯುತ್ತದೆ ಅಂತ ತಿಳಿಯುತ್ತಿತ್ತಲ್ಲ, ಆ ವಿದ್ಯೆ ಹೋಯಿತು ಅನ್ನುವುದೂ ನಿಜ. ತನ್ನ ಬೂಟು ತಾನೇ ಒರೆಸಿಕೊಳ್ಳಲಿ ಎನ್ನುವುದಾದರೆ ನನ್ನ ತಕರಾರಿಲ್ಲ.

ಹೀಗೆ ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚುವಾಗ ನೆನಪಾಯಿತು, ರಸ್ತೆ ತಿರುವಿನಲ್ಲಿ ಮೊಬೈಲು ನೋಡುತ್ತಾ ನಿಂತಿದ್ದವನು ನಾನು. ಅಟ್ಟೆ ಹೊಲಿಯುವುದು ಅವರ ಕೆಲಸ, ಅದಕ್ಕೆ ದುಡ್ಡು ಕೊಟ್ಟೆ. ನನ್ನ ಬೂಟಿನ ಮಣ್ಣು ಕೆರೆಯುವುದು ಅವರ ಕೆಲಸ ಅಂತ ಯಾರು ಹೇಳಿದ್ದರು?

ಹೊಲಿದು ಕೊಟ್ಟ ಬೂಟಿನಲ್ಲಿ ಈ ಭಾನುವಾರವೂ ಆಡಿದೆ. ಮತ್ತೆ ಕೆಸರು. ಈ ಸಲ ಹಳೇ ಹಲ್ಲುಜ್ಜುವ ಬ್ರಷ್ಷು ತಗೊಂಡು ಬಾತ್‌ರೂಮಿನಲ್ಲಿ ಅರ್ಧ ಗಂಟೆ ಕೂತೆ. ಸೋಪು ಹಾಕಲಿಲ್ಲ. ಒರೆಸಿ, ಹಳೇ ಪೇಪರು ಉಂಡೆ ಮಾಡಿ ತುರುಕಿ, ಮಂಚದ ಕೆಳಗೆ ಇಟ್ಟೆ. ರಾತ್ರಿ ಪೇಪರು ಒದ್ದೆಯಾಗಿತ್ತು, ಬದಲಾಯಿಸಿದೆ. ಎರಡು ದಿನ ಬಿಟ್ಟು ಒಂದು ಹನಿ ಹರಳೆಣ್ಣೆ ಬಟ್ಟೆಗೆ ಹಾಕಿ ತಿಕ್ಕಿದೆ. ಎಡಗಾಲಿನ ಬೂಟಿನಲ್ಲೂ ಒಂದು ಕಡೆ ಹೊಲಿಗೆ ಸಡಿಲವಾದಂತೆ ಕಂಡಿತು, 'ತಗೊಂಡು ಹೋದೆ.'

ಅವರು ತಿರುಗಿಸಿ ನೋಡಿದರು.

"ಯಾರ್ ಸಾರ್ ತೊಳ್ದಿದ್ದು?"

"ನಾನೇ."

ಒಂದು ಬೆರಳನ್ನು ಹಿಮ್ಮಡಿಯ ಸ್ಟಡ್ಡುಗಳ ನಡುವೆ ಆಡಿಸಿ ನನ್ನ ಮುಖಕ್ಕೆ ಹಿಡಿದರು. ಬೆರಳ ತುದಿಯಲ್ಲಿ ಕೆಮ್ಮಣ್ಣು.

"ಇಲ್ಲಿ ಬಿಟ್ಬಿಟ್ಟಿದ್ದೀರಲ್ಲ" ಅಂತ ಬೂಟನ್ನೂ ಆ ಮೊಂಡು ಉಳಿಯನ್ನೂ ನನ್ನ ಕೈಗೇ ಕೊಟ್ಟು, ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಕಡೆ ಕೈ ತೋರಿಸಿದರು. ಕೂತು ಕೆರೆದೆ.